‘ಅಸಲಿಗೆ ಗ್ಯಾರಂಟಿ’ ಅನ್ನುವ ಸ್ಟ್ರಕ್ಚರ್ಡ್ ಪ್ರಾಡಕ್ಟ್: ಒಳಗೆ ಏನಿದೆ? ಹಾಂಕಾಂಗ್‌ನಲ್ಲಿ ಏನಾಯಿತು?

ದುಬೈ, ದೋಹಾ, ದಮ್ಮಾಮ್‌ಗಳಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ನಾಲ್ಕು ಕಾಸು ಉಳಿಸಿದವರಿಗೆ ಒಂದಲ್ಲ ಒಂದು ದಿನ ಬ್ಯಾಂಕಿನಿಂದ ಫೋನ್ ಬರುತ್ತದೆ. “ಸರ್, ನಿಮ್ಮ ಎಫ್‌ಡಿ ಮುಗಿಯುತ್ತಾ ಇದೆ. ಅದಕ್ಕಿಂತ ಒಳ್ಳೆಯದೊಂದು ನಮ್ಮಲ್ಲಿದೆ. ಅಸಲು ಸೇಫ್, ಮಾರುಕಟ್ಟೆ ಏರಿದರೆ ಲಾಭವೂ ನಿಮ್ಮದೇ.” ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಗಲ್ಫ್ ಮನೆಗಳಿಗೆ ಈ ಮಾತು ಹೊಸದಲ್ಲ. ಹೀಗೆ ಮಾರುವ ಸರಕಿಗೆ ವೆಲ್ತ್ ಮ್ಯಾನೇಜ್‌ಮೆಂಟ್ ಭಾಷೆಯಲ್ಲಿ ಸ್ಟ್ರಕ್ಚರ್ಡ್ ಪ್ರಾಡಕ್ಟ್ ಅಥವಾ ಸ್ಟ್ರಕ್ಚರ್ಡ್ ನೋಟ್ ಅಂತ ಹೆಸರು. ಭಾರತದಲ್ಲಿ ಮಾರ್ಕೆಟ್ ಲಿಂಕ್ಡ್ ಡಿಬೆಂಚರ್, ಚುಟುಕಾಗಿ ಎಂಎಲ್‌ಡಿ. ಇದು ಮೋಸದ ಸ್ಕೀಮ್ ಅಲ್ಲ, ಕಾನೂನುಬದ್ಧವಾದದ್ದೇ. ಆದರೆ ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಸಹಿ ಹಾಕಿದವರು ಜಗತ್ತಿನ ಹಲವು ಕಡೆ ಕೈ ಸುಟ್ಟುಕೊಂಡಿದ್ದಾರೆ.

ಪೆಟ್ಟಿಗೆಯೊಳಗೆ ಎರಡು ವಸ್ತು

ಒಂದು ಸಾದಾ ಲೆಕ್ಕ ನೋಡಿ. ನೀವು 10 ಲಕ್ಷ ರೂಪಾಯಿ ಕೊಟ್ಟಿದ್ದೀರಿ, ಅವಧಿ 5 ವರ್ಷ. ಆಗ ಬಡ್ಡಿ ದರ ವರ್ಷಕ್ಕೆ ಶೇ. 7 ಅಂತ ಇಟ್ಟುಕೊಳ್ಳೋಣ. 5 ವರ್ಷದ ನಂತರ 10 ಲಕ್ಷ ಆಗಬೇಕಾದರೆ ಇವತ್ತು ಸುಮಾರು 7.13 ಲಕ್ಷ ಇಟ್ಟರೆ ಸಾಕು. ಉಳಿದ 2.87 ಲಕ್ಷದಲ್ಲಿ ಒಂದು ಪಾಲು ಮಾರಿದವನ ಕಮಿಷನ್, ಇನ್ನುಳಿದದ್ದರಲ್ಲಿ ‘ಆಪ್ಷನ್’ ಖರೀದಿ.

ಆಪ್ಷನ್ ಅಂದರೆ ಏನು? ನಮ್ಮಲ್ಲಿ ಜಾಗಕ್ಕೆ ಅಡ್ವಾನ್ಸ್ ಕೊಟ್ಟು ಇವತ್ತಿನ ರೇಟಿಗೇ ಕರಾರು ಮಾಡಿಕೊಳ್ಳುವುದಿಲ್ಲವೇ, ಹಾಗೆ. ರೇಟು ಏರಿದರೆ ಹಳೆಯ ಬೆಲೆಗೇ ಜಾಗ ಸಿಗುತ್ತದೆ. ಇಳಿದರೆ ಕರಾರು ಬಿಟ್ಟುಬಿಡಬಹುದು, ಅಡ್ವಾನ್ಸ್ ಮಾತ್ರ ಹೋಗುತ್ತದೆ. ಇಲ್ಲಿ ಜಾಗದ ಬದಲು ನಿಫ್ಟಿ, ಎಸ್ ಆ್ಯಂಡ್ ಪಿ 500, ಚಿನ್ನ ಅಥವಾ ಕೆಲವು ಶೇರುಗಳು ಇರುತ್ತವೆ. ಸೂಚ್ಯಂಕ ಏರಿದರೆ ಆ ಏರಿಕೆಯ ಒಂದು ಪಾಲು ನಿಮಗೆ. ಇಳಿದರೆ ಆಪ್ಷನ್ ಸೊನ್ನೆ, ಆ 7.13 ಲಕ್ಷ ಬೆಳೆದು 10 ಲಕ್ಷವಾಗಿ ಕೈಗೆ ಬರುತ್ತದೆ. ಇದೇ ‘ಅಸಲು ಸೇಫ್’ ಅನ್ನುವುದರ ಗುಟ್ಟು.

ಹಾಗಾದರೆ ನಷ್ಟ ಇಲ್ಲವೇ? ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅದೇ 10 ಲಕ್ಷ ಅದೇ ದರದಲ್ಲಿ ಸುಮ್ಮನೆ ಎಫ್‌ಡಿಯಲ್ಲಿ ಇದ್ದಿದ್ದರೆ 5 ವರ್ಷಕ್ಕೆ 14 ಲಕ್ಷ ದಾಟುತ್ತಿತ್ತು. ಬಡ್ಡಿಯೇ ಬೇಡ ಅನ್ನುವವರು ಬೆಲೆಯೇರಿಕೆಯ ಲೆಕ್ಕವನ್ನಾದರೂ ನೋಡಬೇಕು. ವರ್ಷಕ್ಕೆ ಶೇ. 5ರಂತೆ ಬೆಲೆ ಏರಿದರೆ 5 ವರ್ಷದ ನಂತರದ 10 ಲಕ್ಷಕ್ಕೆ ಇವತ್ತಿನ 7.84 ಲಕ್ಷದಷ್ಟೇ ಬೆಲೆ. ಸಾಲದ್ದಕ್ಕೆ, ಶೇರಿನ ಡಿವಿಡೆಂಡ್ ಕೂಡ ಸಾಮಾನ್ಯವಾಗಿ ನೋಟ್ ಇಟ್ಟುಕೊಂಡವರಿಗೆ ಬರುವುದಿಲ್ಲ.

ಹೆಚ್ಚು ಲಾಭ ಕೊಡುವ ಜಾತಿ

ಮೇಲೆ ಹೇಳಿದ್ದು ಮೃದು ಜಾತಿ. ಗಲ್ಫ್‌ನಲ್ಲಿ, ಸಿಂಗಾಪುರದಲ್ಲಿ ಹಣವಂತರಿಗೆ ಹೆಚ್ಚಾಗಿ ತೋರಿಸುವುದು ಬೇರೆಯದು. ವರ್ಷಕ್ಕೆ ಶೇ. 10, ಶೇ. 12 ಕೂಪನ್ ಅಂತ ಆಸೆ ಹುಟ್ಟಿಸುವ ರಿವರ್ಸ್ ಕನ್ವರ್ಟಿಬಲ್ ಮತ್ತು ಆಟೋಕಾಲೆಬಲ್ ನೋಟ್‌ಗಳು. ಇಲ್ಲಿ ನೀವು ಅಡ್ವಾನ್ಸ್ ಕೊಟ್ಟವರಲ್ಲ, ತೆಗೆದುಕೊಂಡವರು. ಅಂದರೆ ಎದುರಿನವನ ಜಾಗದ ಬೆಲೆ ಬಿದ್ದರೂ ಹಳೆಯ ರೇಟಿಗೇ ನಾನು ತೆಗೆದುಕೊಳ್ಳುತ್ತೇನೆ ಅಂತ ಮಾತು ಕೊಟ್ಟು, ಆ ಮಾತಿಗಾಗಿ ಅಡ್ವಾನ್ಸ್ ಪಡೆದಂತೆ. ಕೂಪನ್ ಅನ್ನುವುದು ಆ ಅಡ್ವಾನ್ಸೇ.

ಉದಾಹರಣೆಗೆ ಒಂದು ನೋಟ್ ಮೂರು ಶೇರುಗಳಿಗೆ ಕಟ್ಟಿದೆ, ತಡೆಗೋಡೆ ಶೇ. 60 ಅಂದುಕೊಳ್ಳಿ. ಎಲ್ಲ ಸರಿ ಇದ್ದರೆ ಮೊದಲ ವರ್ಷವೇ ನೋಟ್ ತಾನಾಗಿ ಮುಗಿದು ಅಸಲು ಮತ್ತು ಕೂಪನ್ ಬರುತ್ತದೆ. ಆದರೆ ಅವಧಿ ಮುಗಿಯುವಾಗ ಮೂರರಲ್ಲಿ ಒಂದೇ ಒಂದು ಶೇರು ಆರಂಭದ ಬೆಲೆಯ ಶೇ. 55ಕ್ಕೆ ಇಳಿದಿದ್ದರೂ ನಿಮ್ಮ ಅಸಲಿನಲ್ಲಿ ಶೇ. 45 ಹೋಯಿತು. ಉಳಿದೆರಡು ಶೇರು ದುಪ್ಪಟ್ಟು ಆಗಿದ್ದರೂ ಪ್ರಯೋಜನವಿಲ್ಲ. ಸರಾಸರಿ ಅಲ್ಲ, ಅತಿ ಕೆಟ್ಟದ್ದೇ ಲೆಕ್ಕ. ಕಾಗದದಲ್ಲಿ ‘ವರ್ಸ್ಟ್ ಆಫ್’ ಅಂತ ಎರಡೇ ಪದದಲ್ಲಿ ಇದು ಮುಗಿದಿರುತ್ತದೆ. ಮೂರು ಕಂಪನಿಯ ಹೆಸರು ನೋಡಿ, ಅಪಾಯ ಹಂಚಿಹೋಗಿದೆ ಅಂತ ನಾವು ತಿಳಿಯುತ್ತೇವೆ. ನಿಜದಲ್ಲಿ ಹೆಸರು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಕೂಪನ್ ದೊಡ್ಡದಾಗಿ ಕಾಣುವುದೂ ಅದಕ್ಕೇ.

ಹಾಂಕಾಂಗ್‌ನಲ್ಲಿ ಇನ್ನೊಂದು ಸರಕು ಇತ್ತು, ಅಕ್ಯುಮುಲೇಟರ್. ಶೇರನ್ನು ದಿನಾ ಸ್ವಲ್ಪ ಕಡಿಮೆ ಬೆಲೆಗೆ ಕೊಳ್ಳುವ ಕರಾರು. ಬೆಲೆ ಏರಿದರೆ ಕರಾರು ಮುಗಿಯುತ್ತದೆ, ಬಿದ್ದರೆ ಎರಡು ಪಟ್ಟು ಕೊಳ್ಳಲೇಬೇಕು. ಅಲ್ಲಿಯ ಜನ ಅದಕ್ಕೆ ‘ಐ ಕಿಲ್ ಯೂ ಲೇಟರ್’ ಅಂತ ಅಡ್ಡಹೆಸರು ಇಟ್ಟರು. ದೊಡ್ಡ ಕಂಪನಿಗಳೂ ಬಿದ್ದವು. ಆಸ್ಟ್ರೇಲಿಯನ್ ಡಾಲರಿನ ಮೇಲೆ ಇಂಥ ಕರಾರು ಮಾಡಿಕೊಂಡಿದ್ದ ಸಿಟಿಕ್ ಪೆಸಿಫಿಕ್ 2008ರ ಅಕ್ಟೋಬರ್‌ನಲ್ಲಿ ಭಾರೀ ನಷ್ಟ ಪ್ರಕಟಿಸಿತು.

ಮಿನಿಬಾಂಡ್: ಹೆಸರಿಗೆ ಬಾಂಡ್

ಹಾಂಕಾಂಗ್‌ನ ನಿಜವಾದ ಪಾಠ ಮಿನಿಬಾಂಡ್‌ನದ್ದು. 2000ದ ದಶಕದಲ್ಲಿ ಅಲ್ಲಿ ಠೇವಣಿ ಬಡ್ಡಿ ತೀರಾ ಕಡಿಮೆಯಾಗಿತ್ತು. ನಿವೃತ್ತರು, ಸಣ್ಣ ವ್ಯಾಪಾರಿಗಳು, ಬ್ಯಾಂಕಿಗೆ ಎಫ್‌ಡಿ ನವೀಕರಿಸಲು ಬಂದವರು, ಎಲ್ಲರಿಗೂ ಕೌಂಟರಿನಲ್ಲೇ ‘ಮಿನಿಬಾಂಡ್’ ತೋರಿಸಲಾಯಿತು. ಬಡ್ಡಿ ಎಫ್‌ಡಿಗಿಂತ ಹೆಚ್ಚು. ಕಾಗದದ ಮೇಲೆ ಪರಿಚಿತ ದೊಡ್ಡ ಕಂಪನಿಗಳ ಹೆಸರು. ಬಾಂಡ್ ಅಂದಮೇಲೆ ಸುರಕ್ಷಿತವೇ ಇರಬೇಕು ಅಂತ ಜನ ನಂಬಿದರು.

ಅದು ಬಾಂಡ್ ಆಗಿರಲಿಲ್ಲ. ನೋಟ್ ಹೊರಡಿಸಿದ್ದು ಪೆಸಿಫಿಕ್ ಇಂಟರ್‌ನ್ಯಾಷನಲ್ ಫೈನಾನ್ಸ್ ಅನ್ನುವ, ಇದಕ್ಕೆಂದೇ ಮಾಡಿದ ಕಂಪನಿ. ಜನರ ಹಣದಲ್ಲಿ ಅದು ಸಿಡಿಒ ಅನ್ನುವ ಇನ್ನೂ ಜಟಿಲವಾದ ಪತ್ರಗಳನ್ನು ಕೊಂಡು ಅಡಮಾನವಾಗಿ ಇಟ್ಟಿತ್ತು. ಬಡ್ಡಿಗೆ ಹಣ ಹರಿಯುತ್ತಿದ್ದದ್ದು ಅಮೆರಿಕದ ಲೀಮನ್ ಬ್ರದರ್ಸ್ ಜೊತೆಗಿನ ಒಂದು ಒಪ್ಪಂದದಿಂದ. ಕಾಗದದಲ್ಲಿದ್ದ ದೊಡ್ಡ ಹೆಸರುಗಳು ಜಾಮೀನು ನಿಂತವರೂ ಅಲ್ಲ, ಸಾಲ ಪಡೆದವರೂ ಅಲ್ಲ. ಅವರಲ್ಲಿ ಯಾರಾದರೂ ದಿವಾಳಿ ಆದರೆ ನಷ್ಟ ನಿಮಗೆ ಅನ್ನುವುದಷ್ಟೇ ಅದರ ಅರ್ಥ. ಆ ಹೆಸರುಗಳಿಗೆ ಏನೂ ಆಗಲಿಲ್ಲ. ಬಿದ್ದದ್ದು ಲೀಮನ್, 2008ರ ಸೆಪ್ಟೆಂಬರ್ 15ರಂದು.

ಹಾಂಕಾಂಗ್ ಒಂದರಲ್ಲೇ 43,000ಕ್ಕೂ ಹೆಚ್ಚು ಮಂದಿ ಲೀಮನ್ ಸಂಬಂಧಿತ ಸ್ಟ್ರಕ್ಚರ್ಡ್ ಪ್ರಾಡಕ್ಟ್‌ಗಳಲ್ಲಿ ಸುಮಾರು 2,000 ಕೋಟಿ ಹಾಂಕಾಂಗ್ ಡಾಲರ್ ಇಟ್ಟಿದ್ದರು. ಅದರಲ್ಲಿ ದೊಡ್ಡ ಪಾಲು ಮಿನಿಬಾಂಡ್. ವಯಸ್ಸಾದವರು ಬ್ಯಾಂಕ್ ಶಾಖೆಗಳ ಮುಂದೆ ಫಲಕ ಹಿಡಿದು ಕೂತರು. ಒಂದೆರಡು ದಿನ ಅಲ್ಲ, ವರ್ಷಗಟ್ಟಲೆ. 2009ರ ಜುಲೈನಲ್ಲಿ 16 ಬ್ಯಾಂಕ್‌ಗಳು ನಿಯಂತ್ರಕರ ಜೊತೆ ಒಪ್ಪಂದಕ್ಕೆ ಬಂದವು: 65 ವರ್ಷದೊಳಗಿನವರಿಗೆ ಅಸಲಿನ ಶೇ. 60, ಮೇಲಿನವರಿಗೆ ಶೇ. 70. ಅಡಮಾನದ ಆಸ್ತಿಯ ಬಿಕ್ಕಟ್ಟು ಬಗೆಹರಿದ ಮೇಲೆ, 2011ರಲ್ಲಿ, ಬಹುಪಾಲು ಮಿನಿಬಾಂಡ್‌ದಾರರಿಗೆ ಒಟ್ಟು ಶೇ. 85ರಿಂದ 96.5ರವರೆಗೆ ವಾಪಸ್ ಸಿಗುವ ಪ್ರಸ್ತಾವ ಬಂತು. ಹಣ ಸಿಕ್ಕಿತಲ್ಲ ಅನ್ನಬಹುದು. ಆದರೆ ಎರಡೂವರೆ ವರ್ಷದ ಹೋರಾಟದ ನಂತರ. ಬೀದಿಗಿಳಿದು ಗಲಾಟೆ ಮಾಡದಿದ್ದರೆ ಬ್ಯಾಂಕ್‌ಗಳು ಅಷ್ಟು ಬೇಗ ಬಗ್ಗುತ್ತಿದ್ದವೇ ಅನ್ನುವುದು ನನಗೆ ಸಂಶಯ.

ಸಿಂಗಾಪುರದಲ್ಲಿಯೂ ಇದೇ ಕಥೆ. ಅಲ್ಲಿಯ ನಿಯಂತ್ರಕ ಸಂಸ್ಥೆ ಎಂಎಎಸ್ 2009ರಲ್ಲಿ 10 ಹಣಕಾಸು ಸಂಸ್ಥೆಗಳಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸ್ಟ್ರಕ್ಚರ್ಡ್ ನೋಟ್ ಮಾರಬಾರದು ಅಂತ ನಿಷೇಧ ಹಾಕಿತು. ಹಾಂಕಾಂಗ್ 2010ರಲ್ಲಿ ನಿಯಮ ಬಿಗಿ ಮಾಡಿತು. ಸಾಮಾನ್ಯ ಜನರಿಗೆ ಮಾರುವುದಾದರೆ ಮುಖ್ಯ ಸಂಗತಿಗಳನ್ನು ಸರಳ ಭಾಷೆಯಲ್ಲಿ ಬರೆದು ಕೊಡಬೇಕು, ದೀರ್ಘಾವಧಿಯದ್ದಾದರೆ ಮನಸ್ಸು ಬದಲಿಸಲು ಸಮಯ ಕೊಡಬೇಕು, ಗಿಫ್ಟ್ ತೋರಿಸಿ ಮಾರುವಂತಿಲ್ಲ. ಗಿಫ್ಟ್ ಬಗ್ಗೆ ಕಾನೂನು ಮಾಡಬೇಕಾಗಿ ಬಂತು ಅಂದರೆ ಮುಂಚೆ ಹೇಗೆ ಮಾರುತ್ತಿದ್ದರು ಅಂತ ಊಹಿಸಿ.

‘ಶರೀಅ ಕಂಪ್ಲಯಂಟ್’ ಅಂದರೆ?

ಗಲ್ಫ್‌ನಲ್ಲಿ ಇದೇ ಪೆಟ್ಟಿಗೆಗೆ ಇನ್ನೊಂದು ಲೇಬಲ್ ಸಿಗುತ್ತದೆ. ಬಡ್ಡಿಯ ಬಾಂಡಿನ ಜಾಗದಲ್ಲಿ ಲೋಹದ ಖರೀದಿ-ಮಾರಾಟದ ಮುರಾಬಹಾ, ಆಪ್ಷನ್ ಜಾಗದಲ್ಲಿ ‘ವಅದ್’, ಅಂದರೆ ಒಂದು ಕಡೆಯವರ ವಾಗ್ದಾನ. ಇದರ ಬಗ್ಗೆ ವಿದ್ವಾಂಸರೊಳಗೇ ಜಗಳವಿದೆ. 2007ರಲ್ಲಿ ಶೇಖ್ ಯೂಸುಫ್ ತಲಾಲ್ ಡಿಲೊರೆಂಜೊ ಅವರು, ವಾಗ್ದಾನದ ಹೆಸರಿನಲ್ಲಿ ಯಾವುದೇ ಹೂಡಿಕೆಯ ಲಾಭವನ್ನು ಹಲಾಲ್ ಅಂತ ಕೊಡುವ ಒಂದು ವಿಧಾನವನ್ನು ಪ್ರಬಂಧವೊಂದರಲ್ಲಿ ಕಟುವಾಗಿ ಟೀಕಿಸಿದರು. 2009ರಲ್ಲಿ ಶಾರ್ಜಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ಬ್ಯಾಂಕೇ ಮೊದಲಿನಿಂದ ಕೊನೆಯವರೆಗೆ ಏರ್ಪಾಡು ಮಾಡುವ ತವರ್ರುಕ್ ಸಲ್ಲದು ಅಂದಿತು. ಆದರೂ ಅಂಥ ಏರ್ಪಾಡು ಮಾರುಕಟ್ಟೆಯಲ್ಲಿ ನಿಂತಿಲ್ಲ. ನಾನು ಫತ್ವಾ ಕೊಡುವವನಲ್ಲ, ಅದನ್ನು ಉಸ್ತಾದರ ಬಳಿಯೇ ಕೇಳಬೇಕು. ಆದರೆ ಒಂದು ಮಾತು: ಶರೀಅ ಬೋರ್ಡಿನ ಸಹಿ ಇದ್ದ ಮಾತ್ರಕ್ಕೆ ಹಣ ಭದ್ರ ಅಂತ ಅಲ್ಲ. ಕೊಡಬೇಕಾದ ಸಂಸ್ಥೆ ಬಿದ್ದರೆ ಆ ನೋಟೂ ಬೀಳುತ್ತದೆ.

ಸಹಿ ಹಾಕುವ ಮೊದಲು

ಮೊದಲು ಟರ್ಮ್ ಶೀಟ್‌ನಲ್ಲಿ ‘ಇಶ್ಯೂಯರ್’ ಅನ್ನುವ ಸಾಲು ಹುಡುಕಿ. ಮಾರುವ ಬ್ಯಾಂಕ್ ಬೇರೆ, ನೋಟ್ ಹೊರಡಿಸಿದ ಸಂಸ್ಥೆ ಬೇರೆ ಇರಬಹುದು. ನಿಮ್ಮ ‘ಗ್ಯಾರಂಟಿ’ ಕೊಡುತ್ತಿರುವುದು ಎರಡನೆಯವರು. ಲೀಮನ್ ಬಿದ್ದಾಗ ಜನರಿಗೆ ಅರ್ಥವಾದದ್ದು ಈ ಒಂದು ಸಾಲು.

ಆಮೇಲೆ ಬೆಲೆ. ಅಮೆರಿಕದಲ್ಲಿ ಸಾರ್ವಜನಿಕವಾಗಿ ಮಾರುವ ನೋಟ್‌ಗಳ ಮುಖಪುಟದಲ್ಲೇ ‘ಅಂದಾಜು ಮೌಲ್ಯ’ ಬರೆದಿರುತ್ತದೆ. 1,000 ಡಾಲರಿಗೆ ಮಾರುವ ನೋಟಿನ ಮೌಲ್ಯ ಅದಕ್ಕಿಂತ ಕಡಿಮೆ ಅಂತ ಹೊರಡಿಸಿದವರೇ ಒಪ್ಪಿಕೊಂಡಿರುತ್ತಾರೆ. ಯುರೋಪಿನಲ್ಲಿ 2018ರಿಂದ ಮೂರು ಪುಟ ಮೀರದ ಮಾಹಿತಿ ಪತ್ರ ಕಡ್ಡಾಯ. ನಿಮ್ಮ ಊರಿನ ಮ್ಯಾನೇಜರ್ ಹತ್ತಿರವೂ ಧೈರ್ಯವಾಗಿ ಕೇಳಿ: ಇವತ್ತು ಕೊಂಡು ನಾಳೆ ವಾಪಸ್ ಕೊಟ್ಟರೆ ಎಷ್ಟು ಸಿಗುತ್ತದೆ? ಉತ್ತರದಲ್ಲಿ ಕಮಿಷನ್ ಎಷ್ಟು ಅನ್ನುವುದೂ ಗೊತ್ತಾಗಿಬಿಡುತ್ತದೆ. ಮಧ್ಯದಲ್ಲಿ ಮಗಳ ಮದುವೆ, ಮನೆ ಕಟ್ಟುವುದು ಬಂದರೆ ಎಫ್‌ಡಿ ಹಾಗೆ ಮುರಿಯಲು ಆಗುವುದಿಲ್ಲ, ಅವರು ಹೇಳಿದ ಬೆಲೆಗೇ ಕೊಡಬೇಕು.

ದುಬೈಯ ಡಿಐಎಫ್‌ಸಿಯಲ್ಲಿ ಖಾತೆ ತೆರೆಯುವಾಗ ‘ಪ್ರೊಫೆಷನಲ್ ಕ್ಲೈಂಟ್’ ಅಂತ ಒಂದು ಫಾರ್ಮ್ ಮುಂದಿಟ್ಟರೆ, ಓದದೆ ಸಹಿ ಹಾಕಬೇಡಿ. ಕೇಳಲು ಗೌರವದ ಪದ ಹೌದು, ಆದರೆ ಅದಕ್ಕೆ ಒಪ್ಪಿದರೆ ಸಾಮಾನ್ಯ ಗ್ರಾಹಕನಿಗೆ ಇರುವ ಕೆಲವು ರಕ್ಷಣೆಗಳು ಹೋಗುತ್ತವೆ.

ಭಾರತದಲ್ಲಿ ಸೆಬಿ 2011ರಲ್ಲಿ ಎಂಎಲ್‌ಡಿಗೆ ಮಾರ್ಗಸೂಚಿ ತಂದಿತು, ಆಗ ಕನಿಷ್ಠ ಹೂಡಿಕೆ 10 ಲಕ್ಷ. ಲಿಸ್ಟ್ ಆದ ಎಂಎಲ್‌ಡಿಯನ್ನು ಒಂದು ವರ್ಷ ಇಟ್ಟರೆ ಲಾಭಕ್ಕೆ ಶೇ. 10 ತೆರಿಗೆ ಮಾತ್ರ ಅನ್ನುವುದೇ ಇದರ ದೊಡ್ಡ ಆಕರ್ಷಣೆಯಾಗಿತ್ತು. 2023ರ ಬಜೆಟ್‌ನಲ್ಲಿ ಅದು ಹೋಯಿತು. ಈಗ ಎಷ್ಟು ವರ್ಷ ಇಟ್ಟರೂ ಅಲ್ಪಾವಧಿ ಲಾಭವೇ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ಹಳೆಯ ಲೆಕ್ಕ ಹೇಳಿ ಮಾರುವವರು ಸಿಕ್ಕರೆ ಇದನ್ನು ನೆನಪಿಸಿ. ಬ್ಯಾಂಕ್ ಠೇವಣಿಗೆ ಡಿಐಸಿಜಿಸಿಯ 5 ಲಕ್ಷ ರೂಪಾಯಿವರೆಗಿನ ವಿಮೆ ಇದೆ. ಬ್ಯಾಂಕಿನ ಕೌಂಟರಿನಲ್ಲೇ ಕೊಂಡಿದ್ದರೂ ಎಂಎಲ್‌ಡಿಗೆ ಆ ವಿಮೆ ಇಲ್ಲ.

ದೂರು ಕೊಡುವುದಾದರೆ ಭಾರತದಲ್ಲಿ ಸೆಬಿಯ ‘ಸ್ಕೋರ್ಸ್’ ಪೋರ್ಟಲ್ ಇದೆ. ಯುಎಇಯಲ್ಲಿ ಬ್ಯಾಂಕ್ ಮತ್ತು ವಿಮೆಯ ದೂರುಗಳಿಗೆ ‘ಸನದಕ್’ ಅನ್ನುವ ಸಂಸ್ಥೆ ಇದೆ. ಎರಡೂ ಕಡೆ ಕೇಳುವುದು ಬರಹದಲ್ಲಿರುವ ದಾಖಲೆ. ಮ್ಯಾನೇಜರ್ ಫೋನಿನಲ್ಲಿ ‘ಸೇಫ್’ ಅಂದಿದ್ದರೆ, “ನೀವು ಹೇಳಿದ್ದನ್ನು ಒಂದು ಈಮೇಲ್‌ನಲ್ಲಿ ಹಾಕಿ ಕಳಿಸಿ” ಅನ್ನಿ. ಕಳಿಸಿದರೆ ಟರ್ಮ್ ಶೀಟ್ ಜೊತೆ ಇಟ್ಟುಕೊಳ್ಳಿ.