ಹಸಿಯಾದರೆ ಅಲ್ಲ, ಒಣಗಿದರೆ ಶುಂಠಿ

ಬೆಂಗಳೂರಿನ ಪಶ್ಚಿಮಕ್ಕಿರುವ ಹೆಗ್ಗನಹಳ್ಳಿ ಈಗ ಹೆಸರಿಗಷ್ಟೇ ಹಳ್ಳಿ. ಪಕ್ಕದ ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದಂತೆ ನಾಡಿನ ಬೇರೆ ಬೇರೆ ಜಿಲ್ಲೆಗಳ ಜನ ಇಲ್ಲಿಗೆ ಬಂದು ನೆಲೆಸಿದರು. ಬಂದವರ ಜೊತೆಗೆ ಅವರ ಮಾತೂ ಮನೆಮದ್ದೂ ಬಂದವು. ಹಳೆ ಮೈಸೂರಿನ ಕಡೆಯವರು ತರಕಾರಿ ಗಾಡಿಯವನಲ್ಲಿ ‘ಹಸಿ ಶುಂಠಿ’ ಕೇಳಿದರೆ, ಉತ್ತರ ಕರ್ನಾಟಕದವರು ಅದನ್ನೇ ‘ಅಲ್ಲ’ ಎನ್ನುತ್ತಾರೆ. ‘ಅಲ್ಲ ಐತೇನು?’ ಎಂಬ ಪ್ರಶ್ನೆ ಮೊದಲ ಸಲ ಕೇಳಿದವರಿಗೆ ಒಗಟಿನಂತೆ ತೋರಬಹುದು. ಆದರೆ ತಿಂದದ್ದು ಅರಗದೆ ಹೊಟ್ಟೆ ಉಬ್ಬರಿಸಿದಾಗ ಇಬ್ಬರ ಕೈಯೂ ಹೋಗುವುದು ಅದೇ ಗೆಡ್ಡೆಗೆ.

ಎರಡು ಹೆಸರು ಇರುವುದು ಸುಮ್ಮನೆ ಅಲ್ಲ. ಉತ್ತರದ ಕನ್ನಡದಲ್ಲಿ ಹಸಿಯದು ಅಲ್ಲ, ಒಣಗಿದ್ದು ಶುಂಠಿ. ತೆಲುಗಿನ ಅಲ್ಲಂ, ಮರಾಠಿಯ ಆಲೆ ಇದರ ನೆರೆಹೊರೆಯ ರೂಪಗಳು. ಸಂಸ್ಕೃತದಲ್ಲೂ ಹಸಿಯದು ಆರ್ದ್ರಕ, ಒಣಗಿದ್ದು ಶುಂಠಿ. ಅಡುಗೆಮನೆಯ ಬೇರೆ ಗೆಡ್ಡೆಗಳಿಗೆ ಈ ಭಾಗ್ಯವಿಲ್ಲ. ವೈದ್ಯದಲ್ಲಿ ಇವೆರಡನ್ನೂ ಬೇರೆ ಬೇರೆ ಮದ್ದೆಂದೇ ಎಣಿಸುತ್ತಿದ್ದರು.

ಇನ್ನೊಂದು ಹಳೆಯ ಹೆಸರು ಶೃಂಗವೇರ. ಕೋಡಿನಂಥ ಆಕಾರದಿಂದ ಬಂದ ಹೆಸರೆಂದು ಸಂಸ್ಕೃತದವರು ಬಿಡಿಸಿದರೂ, ಇದರ ಬೇರು ದ್ರಾವಿಡದ್ದು, ತಮಿಳು–ಮಲಯಾಳದ ‘ಇಂಜಿ’ಗೆ ಸಂಬಂಧಿಸಿದ್ದು ಎಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ವ್ಯಾಪಾರಿಗಳ ಹಡಗು ಹತ್ತಿ ಗ್ರೀಕರಲ್ಲಿಗೆ ಹೋದ ಈ ಹೆಸರು ಜಿಂಗಿಬೆರಿಸ್ ಆಯಿತು. ಇಂಗ್ಲಿಷಿನ ಜಿಂಜರ್ ಅದರ ಮೊಮ್ಮಗು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಶುಂಠಿಯನ್ನು ಜೀರ್ಣಕ್ಕೆ ಒಳ್ಳೆಯದೆಂದು ಬರೆದ. ಸರಕಿನ ಜೊತೆಗೆ ಹೆಸರೂ ದಾಟಿತ್ತು, ಉಪಯೋಗವೂ ದಾಟಿತ್ತು.

ನಮ್ಮಲ್ಲಿ ಚರಕಸಂಹಿತೆಯು ಹಸಿವೆಯನ್ನು ಕೆರಳಿಸುವ ದೀಪನೀಯ ದ್ರವ್ಯಗಳ ಗುಂಪಿನಲ್ಲಿ ಶೃಂಗವೇರವನ್ನು ಸೇರಿಸುತ್ತದೆ. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟು ಎಲ್ಲ ಗ್ರಂದಿಗೆ ಅಂಗಡಿಗಳಿಗೂ ಪರಿಚಿತ. 16ನೆಯ ಶತಮಾನದ ಭಾವಪ್ರಕಾಶವು ಊಟಕ್ಕೆ ಮುನ್ನ ಹಸಿ ಶುಂಠಿಯನ್ನು ಉಪ್ಪಿನೊಡನೆ ತಿನ್ನಲು ಹೇಳುತ್ತದೆ. ವಿಶ್ವಭೇಷಜ, ಅಂದರೆ ಸಕಲಕ್ಕೂ ಮದ್ದು, ಎಂಬ ಬಿರುದೂ ಒಣ ಶುಂಠಿಗೆ ಸಂದಿದೆ. ಬಿರುದು ಸ್ವಲ್ಪ ದೊಡ್ಡದಾಯಿತೆಂದೇ ಹೇಳಬೇಕು.

ಕನ್ನಡದಲ್ಲಿ ವೈದ್ಯ ಬರೆದವರು ಕಡಿಮೆಯೇನಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕರ್ನಾಟಕ ಕಲ್ಯಾಣಕಾರಕವನ್ನು ರಚಿಸಿದ. ಅದಕ್ಕೂ ಮುಂಚೆ, ಸುಮಾರು 1025 ರಲ್ಲಿ, ಇಮ್ಮಡಿ ಚಾವುಂಡರಾಯನ ಲೋಕೋಪಕಾರ ಬಂದಿತ್ತು. ಬಾವಿ ತೋಡಲು ನೀರಿನ ಸೆಲೆ ಹುಡುಕುವುದರಿಂದ ಹಿಡಿದು ಪಾಕಶಾಸ್ತ್ರ, ಮನುಷ್ಯರ ವೈದ್ಯ, ವಿಷವೈದ್ಯದವರೆಗೆ ಎಲ್ಲವೂ ಆ ಒಂದೇ ಗ್ರಂಥದಲ್ಲಿವೆ. ಗೃಹಸ್ಥನಿಗೆ ಅಡುಗೆ ಒಂದು ಕಪಾಟು, ಔಷಧ ಇನ್ನೊಂದು ಕಪಾಟು ಎಂಬ ವಿಂಗಡಣೆ ಆಗ ಇರಲಿಲ್ಲ.

ಇಂದಿಗೂ ಅದು ಪೂರ್ತಿ ಬಂದಿಲ್ಲ. ಬಾಯಿ ಕೆಟ್ಟಾಗ ಮಲೆನಾಡಿನ ಮನೆಗಳಲ್ಲಿ ಶುಂಠಿ ತಂಬುಳಿ ಮಾಡುತ್ತಾರೆ. ಅದು ಊಟವೂ ಹೌದು, ಮದ್ದೂ ಹೌದು. ಅಜೀರ್ಣಕ್ಕೆ ಹಸಿ ಶುಂಠಿಯ ಚೂರಿಗೆ ನಿಂಬೆರಸ, ಉಪ್ಪು. ಹೊಟ್ಟೆಯುಬ್ಬರಕ್ಕೆ ಮಜ್ಜಿಗೆಯಲ್ಲಿ ಒಣ ಶುಂಠಿಯ ಪುಡಿ. ಬಾಣಂತಿಗೆ ಶುಂಠಿ ಬೆರೆಸಿದ ಲೇಹ್ಯ. ರಾಮನವಮಿಯ ದಿನ ಬೆಂಗಳೂರಿನ ಬೀದಿಬೀದಿಯಲ್ಲಿ ಹಂಚುವ ಪಾನಕಕ್ಕೆ ಬೆಲ್ಲ, ಏಲಕ್ಕಿಯೊಡನೆ ಒಣ ಶುಂಠಿ ಬೀಳುತ್ತದೆ, ನೀರುಮಜ್ಜಿಗೆಗೆ ಹಸಿ ಶುಂಠಿ. ಚೈತ್ರದ ಬಿಸಿಲಿಗೆ ಎರಡೂ ಒಗ್ಗುತ್ತವೆ.

ಹಸಿ–ಒಣಗಳ ಭೇದ ಬರೀ ನಂಬಿಕೆಯಲ್ಲ ಎಂಬುದನ್ನು ರಸಾಯನಶಾಸ್ತ್ರ ತೋರಿಸಿದೆ. ಹಸಿ ಗೆಡ್ಡೆಯ ಖಾರಕ್ಕೆ ಮುಖ್ಯ ಕಾರಣ ಜಿಂಜರಾಲ್ ಎಂಬ ವಸ್ತು. ಒಣಗಿಸುವಾಗ, ಕಾಯಿಸುವಾಗ ಅದರ ಒಂದು ಪಾಲು ಶೋಗಾಲ್ ಆಗಿ ಮಾರ್ಪಡುತ್ತದೆ. ಇದರ ಖಾರ ಇನ್ನೂ ಹೆಚ್ಚು. (ಜಪಾನಿ ಭಾಷೆಯಲ್ಲಿ ಶುಂಠಿಗೆ ಶೋಗಾ ಎನ್ನುತ್ತಾರೆ, ಈ ಹೆಸರು ಅಲ್ಲಿಂದ ಬಂದದ್ದು.) 1982 ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 36 ವಿದ್ಯಾರ್ಥಿಗಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಲಾಯಿತು. ವಾಕರಿಕೆ ತಡೆಯುವ ಮಾತ್ರೆ ನುಂಗಿದವರಿಗಿಂತ ಶುಂಠಿ ಪುಡಿ ತಿಂದವರು ಹೆಚ್ಚು ಹೊತ್ತು ತಾಳಿಕೊಂಡರು. ಆಮೇಲಿನ ಪ್ರಯೋಗಗಳೆಲ್ಲ ಇಷ್ಟು ಸ್ಪಷ್ಟ ಫಲ ಕೊಡಲಿಲ್ಲ. ಆದರೂ ಬಸುರಿಯರ ವಾಕರಿಕೆಗೆ ಶುಂಠಿ ಉಪಯುಕ್ತವೆಂಬುದನ್ನು ವೈದ್ಯರು ಇಂದು ಒಪ್ಪುತ್ತಾರೆ. 2008 ರಲ್ಲಿ ತೈವಾನಿನ ಸಂಶೋಧಕರು 24 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ, ಶುಂಠಿ ತಿಂದಾಗ ಜಠರ ಬೇಗ ಖಾಲಿಯಾಗುವುದನ್ನು ಕಂಡರು. ಅಜ್ಜಿಯರು ‘ಅರಗುತ್ತದೆ’ ಎಂದದ್ದು ಹೆಚ್ಚುಕಡಿಮೆ ಇದನ್ನೇ.

ಆದರೆ ವಾಕರಿಕೆ, ಅಜೀರ್ಣ ಬೇರೆ, ವಾಂತಿಭೇದಿ ಬೇರೆ. ಮನೆಮದ್ದಿನ ಮೇಲಿನ ಭರವಸೆ ಅಪಾಯಕ್ಕೆ ತಿರುಗುವುದು ಈ ಗೆರೆ ಮರೆತಾಗ. ಭೇದಿಯಾಗುವ ಮಗುವಿನ ಜೀವ ತೆಗೆಯುವುದು ಅಜೀರ್ಣವಲ್ಲ, ದೇಹದಿಂದ ಸೋರಿಹೋಗುವ ನೀರು ಮತ್ತು ಲವಣ. ಇದಕ್ಕೆ ಉತ್ತರ ಸಿಕ್ಕಿದ್ದು ಕಷಾಯದ ಪಾತ್ರೆಯಲ್ಲಲ್ಲ. 1971 ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸು, ಉಪ್ಪು, ಅಡುಗೆ ಸೋಡ ಬೆರೆಸಿದ ನೀರನ್ನು ಕುಡಿಸಿದರು. ಸುಮಾರು ಶೇ 30 ರಷ್ಟಿದ್ದ ಸಾವಿನ ಪ್ರಮಾಣ ಶೇ 4 ಕ್ಕಿಂತ ಕೆಳಗಿಳಿಯಿತು.

ಈ ದ್ರಾವಣದಲ್ಲಿ ಸಕ್ಕರೆ ರುಚಿಗಲ್ಲ. ಕರುಳು ಸಕ್ಕರೆಯನ್ನು ಒಳಗೆಳೆದುಕೊಳ್ಳುವಾಗ ಜೊತೆಗೇ ಉಪ್ಪನ್ನೂ, ಅದರ ಹಿಂದೆ ನೀರನ್ನೂ ಎಳೆದುಕೊಳ್ಳುತ್ತದೆ. ರಾಮನವಮಿಯ ಪಾನಕದಲ್ಲಿ ಸಿಹಿ ಉಂಟು, ಉಪ್ಪಿಲ್ಲ. ನೀರುಮಜ್ಜಿಗೆಯಲ್ಲಿ ಉಪ್ಪು ಉಂಟು, ಬೆಲ್ಲವಿಲ್ಲ. ಹಬ್ಬದ ಎರಡು ಲೋಟಗಳೂ ಪಕ್ಕಪಕ್ಕದಲ್ಲೇ ಇದ್ದವು! ಅಂಗಡಿಯ ಓಆರ್‌ಎಸ್ ಪೊಟ್ಟಣ ಕೈಗೆ ಸಿಗದ ಹೊತ್ತಿನಲ್ಲಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಸಮಮಟ್ಟಕ್ಕೆ ಅಳೆದು ಕರಗಿಸಿ, ಗುಟುಕುಗುಟುಕಾಗಿ ಕುಡಿಸುತ್ತ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು. ಶುಂಠಿಯ ತಂಬುಳಿ ಹಸಿವೆ ಮರಳಿದ ಮೇಲಿನ ಮಾತು.