ಗುರುಕ್ವಾರ್ಕುಗಳ ತೂಕ

ನಮ್ಮ ಪಾವಗಡ ಸೀಮೆಯಲ್ಲಿ ಕಡಲೆಕಾಯಿ ಕೊಳ್ಳುವ ವರ್ತಕನು ಒಂದು ಹಿಡಿಯನ್ನು ಸುಲಿದು, ಬೀಜವೆಷ್ಟು ಸಿಪ್ಪೆಯೆಷ್ಟೆಂದು ನೋಡಿದಲ್ಲದೆ ಬೆಲೆ ಕಟ್ಟುವುದಿಲ್ಲ. ಸುಲಿಯಲು ಬಾರದ ಕಾಯಿದ್ದ ಪಕ್ಷದಲ್ಲಿ ಅವನು ಮಾಡುವುದೇನು? ಪ್ರೋಟಾನು ಮೊದಲಾದ ಕಣಗಳೊಳಗಿರುವ ಕ್ವಾರ್ಕುಗಳ ವಿಷಯದಲ್ಲಿ ಭೌತವಿಜ್ಞಾನಿಗಳಿಗೆ ಒದಗಿದ ಸಂಕಟವು ಇಂತಹುದೇ. ಒಂಟಿಯಾಗಿ ಹೊರಬಿದ್ದ ಕ್ವಾರ್ಕನ್ನು ಕಂಡವರಿಲ್ಲ. ಆದರೂ ಅದರ ತೂಕವನ್ನು ನಿರ್ಣಯಿಸಬೇಕು. (ಶಾಸ್ತ್ರಜ್ಞರು ದ್ರವ್ಯರಾಶಿಯೆನ್ನುವರು, ನಾವು ತೂಕವೆಂದೇ ಕರೆಯೋಣ.)

1974ನೆಯ ಇಸವಿಯ ನವೆಂಬರಿನಲ್ಲಿ ಅಮೆರಿಕದ ಟಿಂಗ್ ಮತ್ತು ರಿಕ್ಟರ್ ಎಂಬವರ ತಂಡಗಳು, ಪ್ರೋಟಾನಿನ ಮೂರು ಪಟ್ಟಿಗಿಂತ ತುಸು ಭಾರವಾದ ಕಣವೊಂದನ್ನು ಬೇರೆಬೇರೆಯಾಗಿ ಕಂಡುಹಿಡಿದುವು. ಚಾರ್ಮ್ ಕ್ವಾರ್ಕೂ ಅದರ ಪ್ರತಿಕಣವೂ ಕೂಡಿದ ಜೋಡಿಯದು. 1977ರಲ್ಲಿ ಲೆಡರ್‌ಮನ್ನರ ತಂಡವು ಕಂಡ ಬಾಟಮ್ ಜೋಡಿಯು ಸುಮಾರು ಹತ್ತು ಪ್ರೋಟಾನುಗಳ ತೂಕದ್ದು. ಜೋಡಿಯ ತೂಕವನ್ನು ಅರ್ಧಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು, ಬಂಧನದ ಶಕ್ತಿಯೂ ಅದರಲ್ಲಿ ಸೇರಿರುವುದರಿಂದ ಅದು ಸಿಪ್ಪೆಸಹಿತ ತೂಗಿದಂತಾಗುವುದು.

ಕ್ವಾರ್ಕುಗಳು ಸಮೀಪಿಸಿದಷ್ಟೂ ಅವುಗಳ ನಡುವಣ ಬಲವು ಕುಗ್ಗುವುದೆಂದು 1973ರಲ್ಲಿ ಗ್ರಾಸ್, ವಿಲ್‌ಚೆಕ್, ಪೊಲಿಟ್ಜರ್ ಎಂಬವರು ತೋರಿಸಿದ್ದರು. ಬಲವು ಕುಗ್ಗಿದೆಡೆಯಲ್ಲಿ ಲೆಕ್ಕವನ್ನು ಶ್ರೇಢಿಯಾಗಿ, ಪದಕ್ಕೆ ಪದವನ್ನು ಕೂಡುತ್ತ, ಬಿಡಿಸಬಹುದು. ಇದನ್ನಾಧರಿಸಿ ಷಿಫ್ಮನ್, ವೈನ್‌ಷ್ಟೈನ್, ಜಖಾರೋವ್ ಮೊದಲಾದವರು ಒಂದು ಸೊಗಸಾದ ಉಪಾಯವನ್ನು ಹೂಡಿದರು. ಇಲೆಕ್ಟ್ರಾನು ಪಾಸಿಟ್ರಾನುಗಳ ಡಿಕ್ಕಿಯಲ್ಲಿ ಯಾವ ಶಕ್ತಿಗೆ ಎಷ್ಟು ಚಾರ್ಮ್ ಜೋಡಿಗಳು ಹುಟ್ಟುವುವೆಂದು ಅಳೆದು, ಅವನ್ನೆಲ್ಲ ತಕ್ಕ ಪ್ರಮಾಣದಲ್ಲಿ ಕೂಡಿದ ಮೊತ್ತವನ್ನು ಶ್ರೇಢಿಯಿಂದಲೂ ಗಣಿಸಬಹುದು. ಆ ಶ್ರೇಢಿಯಲ್ಲಿ ಕ್ವಾರ್ಕಿನ ತೂಕವು ಅಡಗಿರುವುದರಿಂದ, ಎರಡನ್ನೂ ಸರಿದೂಗಿಸಿದೊಡನೆ ಅದು ತಿಳಿದುಬರುವುದು. ಕಾಯನ್ನು ಒಡೆಯದೆಯೇ ಬೀಜವನ್ನು ತೂಗಿದ ಜಾಣತನವಿದು.

ಆದರೆ ಯಾವ ತೂಕ? ಒಂಟಿ ಕ್ವಾರ್ಕಿಗೆ ಇರಬಹುದಾದ ತೂಕವೆಂದು ಎಣಿಸಿದ್ದ ಸಂಖ್ಯೆಯ ಶ್ರೇಢಿಯು ನೆಲೆಗೆ ನಿಲ್ಲದೆಂದು 1994ರಲ್ಲಿ ಬೆನೆಕೆ, ಬ್ರೌನ್ ಮೊದಲಾದವರು ತೋರಿಸಿದರು. ಇದು ಗಣಕರ ಅಶಕ್ತಿಯಲ್ಲ, ಆ ತೂಕದ ಅರ್ಥದಲ್ಲಿಯೇ ಇದ್ದ ದೋಷ. ಆದುದರಿಂದ ಎಷ್ಟು ಸಮೀಪದಿಂದ ನೋಡಿದ ತೂಕವೆಂಬುದನ್ನೂ ಹೇಳುವುದು ಅವಶ್ಯವಾಯಿತು. ತನ್ನದೇ ಅಳತೆಯಲ್ಲಿ ಚಾರ್ಮಿನ ತೂಕವು 1.27 ಜಿಇವಿ, ಬಾಟಮಿನದು 4.18 ಜಿಇವಿ, ಇನ್ನೂ ಸಮೀಪದಿಂದ ನೋಡಿದರೆ ಎರಡೂ ಇಳಿಯುವುವು. ಇಂದು ಇವುಗಳಲ್ಲಿ ಉಳಿದಿರುವ ಸಂಶಯವು ನೂರಕ್ಕೆ ಒಂದಕ್ಕಿಂತ ಕಡಮೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಂತನಾರಾಯಣರೂ ಅವರ ಸಹೋದ್ಯೋಗಿಗಳೂ ಇಂತಹ ಶ್ರೇಢಿಗಳ ಪದಗಳನ್ನು ಬೇರೆ ಕ್ರಮದಲ್ಲಿ ಕೂಡಿ, ಫಲವನ್ನು ಸ್ಥಿರಪಡಿಸುವ ಕಾರ್ಯದಲ್ಲಿ ಶ್ರಮಿಸಿರುವರು. ಇಷ್ಟೊಂದು ಸೂಕ್ಷ್ಮವೇಕೆನ್ನಬೇಡಿರಿ. 2012ರಲ್ಲಿ ದೊರೆತ ಹಿಗ್ಸ್ ಕಣವು ಅರ್ಧಕ್ಕಿಂತ ಹೆಚ್ಚು ಸಾರಿ ಬಾಟಮ್ ಜೋಡಿಯಾಗಿಯೇ ಒಡೆಯುವುದು. ಅದರ ಪ್ರಮಾಣವು ಬಾಟಮಿನ ತೂಕದ ವರ್ಗವನ್ನು ಅವಲಂಬಿಸಿರುವುದರಿಂದ, ತೂಕ ತಪ್ಪಿದರೆ ಪರೀಕ್ಷೆಯೂ ತಪ್ಪುವುದು.

1995ರಲ್ಲಿ ಕಂಡ ಟಾಪ್ ಕ್ವಾರ್ಕಿನ ಕಥೆ ಬೇರೆ. ಟಂಗ್‌ಸ್ಟನ್ ಪರಮಾಣುವಿನಷ್ಟು ಭಾರವಾದ ಅದು ಜೋಡಿಗೂಡುವ ಮೊದಲೇ ಒಡೆದುಹೋಗುವುದು. ಯಂತ್ರಗಳು ಸುಮಾರು 172.5 ಜಿಇವಿ ಎಂದು ಹೇಳುತ್ತಿವೆ. ಆದರೆ ಆ ಸಂಖ್ಯೆಯು ಮೇಲೆ ಹೇಳಿದ ತೂಕಗಳಲ್ಲಿ ಯಾವುದಕ್ಕೆ ಸೇರತಕ್ಕದ್ದೆಂಬ ವಾದವು ಇನ್ನೂ ಮುಗಿದಿಲ್ಲ.