ನಿಸಿದಿ

ನಿಸಿದಿಗಲ್ಲನ್ನು ಜೈನರ ಗೋರಿ ಎಂದು ವಿವರಿಸುವವರಿದ್ದಾರೆ. ಅದು ತಪ್ಪು. ಪದದ ಬೇರು ಇರುವುದು ‘ಕುಳಿತುಕೊಳ್ಳು’ ಎಂಬರ್ಥದ ಧಾತುವಿನಲ್ಲಿ. ಪ್ರಾಕೃತದ ಹಾದಿಯಿಂದ ಕನ್ನಡ ಶಾಸನಗಳಿಗೆ ಬಂದು ನಿಸಿದಿ, ನಿಸಿದಿಗೆ, ನಿಷಿಧಿ ಎಂದೆಲ್ಲ ರೂಪ ತಳೆಯಿತು. ಅನ್ನಾಹಾರ ತೊರೆದು ಸಾವನ್ನು ಬರಮಾಡಿಕೊಳ್ಳುವ ಸಲ್ಲೇಖನ ವ್ರತ ಹಿಡಿದವರು ಕೊನೆಯುಸಿರಿನವರೆಗೆ ನೆಲೆನಿಂತ ತಾಣ, ಆಮೇಲೆ ಅವರ ನೆನಪಿನ ಕಲ್ಲು, ಇಷ್ಟೇ ಅದರ ಅರ್ಥ. ಹೂಳುವ ಮಾತೇ ಇಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ 7ನೇ ಶತಮಾನದ ಇಂಥ ಬರಹಗಳನ್ನು ಬರಿಯ ಹಾಸುಬಂಡೆಯ ಮೇಲೆಯೇ ಕೊರೆದಿದ್ದಾರೆ. ಗುಂಡಿ ತೋಡಲು ಅಲ್ಲಿ ಮಣ್ಣೆಲ್ಲಿದೆ? ದೇಹ ಬಿಟ್ಟ ಕಡೆಯೇ ಕಲ್ಲು ಇರಬೇಕೆಂದೂ ಇಲ್ಲ: ಗಂಗ ದೊರೆ ಮಾರಸಿಂಹ 974ರಲ್ಲಿ ದೇಹ ಬಿಟ್ಟದ್ದು ಬಂಕಾಪುರದಲ್ಲಿ, ಅವನ ಸ್ಮಾರಕ ಕಂಬ ನಿಂತಿರುವುದು ಇದೇ ಚಂದ್ರಗಿರಿಯಲ್ಲಿ.

ಕೆಲವು ನಿಸಿದಿಗಳ ಬಳಿ ಅಂತ್ಯಸಂಸ್ಕಾರವೂ ನಡೆದಿರಬಹುದಲ್ಲ ಎಂದು ಕೇಳಬಹುದು. ನಡೆದಿರಬಹುದು. ಆದರೆ ಕಲ್ಲಿನ ಕೆತ್ತನೆ ಹೇಳುವುದು ಬೇರೆ: ಕೆಳಗೆ ಗ್ರಂಥವಿಡುವ ಪೀಠವಾದ ಠವಣೆಕೋಲಿನ ಮೇಲೆ ಗ್ರಂಥ, ಎದುರಲ್ಲಿ ಬೋಧಿಸುವ ಗುರು, ಕೈಮುಗಿದು ಕೇಳುವ ವ್ರತಿ, ಮೇಲೆ ಜಿನಬಿಂಬ. ಶವವಿಲ್ಲ, ಅಳುವವರಿಲ್ಲ. ಸಾವನ್ನು ಎಚ್ಚರದಲ್ಲಿ ಎದುರುಗೊಂಡವರ ಈ ಗುರುತನ್ನು ಗೋರಿ ಎಂದರೆ ಆ ಎಚ್ಚರವೇ ಅಳಿಸಿಹೋಗುತ್ತದೆ. ಊರಿನ ಫಲಕ ಬರೆಯುವವರು, ಪಠ್ಯ ಬರೆಯುವವರು ದಯವಿಟ್ಟು ನಿಸಿದಿಯನ್ನು ನಿಸಿದಿ ಎಂದೇ ಬರೆಯಲಿ.